ರೇಡಿಯೋ ಪಾಠದ ಮಾಸ್ತರರು

ಅವರ ಹೆಸರು ಬರೆಯುವುದಿಲ್ಲ. ಬರೆದರೆ ಲಕ್ಷ್ಮೇಶ್ವರದ ಬಸ್‌ಸ್ಟ್ಯಾಂಡಿನಲ್ಲಿ ಅವರ ಅಣ್ಣನ ಮಕ್ಕಳು ನನ್ನನ್ನು ನಿಲ್ಲಿಸಿ, "ಏನ್ರಿ ಅಕ್ಕೋರ, ನಮ್ಮ ಚಾಚಾನ ಕಿವಿ ಸುದ್ದಿ ಊರಿಗೆಲ್ಲ ಯಾಕ ಸಾರಾಕ ಹತ್ತೀರಿ?" ಎಂದು ದಬಾಯಿಸುವವರೇ. ದಬಾಯಿಸಲಿ, ಅದರಲ್ಲಿ ಅವರ ತಪ್ಪೇನಿಲ್ಲ. ಆದರೆ ಮಾಸ್ತರರು ಮುಂಡರಗಿಯಲ್ಲಿ ತಂಗಿಯ ಮನೆಯಲ್ಲಿ ತೀರಿಕೊಂಡರೆಂದು ನನಗೆ ಗೊತ್ತಾದದ್ದು ಹದಿನೈದು ದಿನ ಕಳೆದ ಮೇಲೆ, ಅದೂ ಸಂತೆಯಲ್ಲಿ ಬದನೆಕಾಯಿ ಆರಿಸುವಾಗ. ಒಬ್ಬ ಮನುಷ್ಯ ಇಷ್ಟು ಸಪ್ಪಳವಿಲ್ಲದೆ ಹೋಗುವುದೇ ಎಂದು ನನಗೆ ಸಿಟ್ಟು ಬಂತು. ಯಾರ ಮೇಲೆ ಸಿಟ್ಟು? ನನ್ನ ಮೇಲೆಯೇ. ಅವರ ತರಗತಿ ಅವರ ಕೈಬಿಟ್ಟು ಹೋಗಲು ನಾನೂ ಕಾರಣ. ಅದನ್ನು ಇಷ್ಟು ವರ್ಷ ಯಾರ ಮುಂದೆಯೂ ಹೇಳಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಬೆಟಗೇರಿಯಲ್ಲಿ ಬೆಳೆದ ನನಗೆ ಮೊದಲ ನೌಕರಿ ಸಿಕ್ಕದ್ದು ಬೆಳ್ಳಟ್ಟಿಯಿಂದ ಮೂರು ಮೈಲು ಆಚೆಗಿನ ಒಂದು ಹಳ್ಳಿಯ ಶಾಲೆಯಲ್ಲಿ. ನಾಲ್ಕು ಕೋಣೆ, ಏಳು ತರಗತಿ, ಹೆಡ್‌ಮಾಸ್ತರರನ್ನು ಹಿಡಿದು ನಾಲ್ಕೇ ಜನ. ನನ್ನ ಕೋಣೆಗೂ ಈ ಮಾಸ್ತರರ ಕೋಣೆಗೂ ನಡುವೆ ಇದ್ದ ಗೋಡೆ ಮಾಳಿಗೆಯವರೆಗೆ ಮುಟ್ಟಿರಲಿಲ್ಲ. ಅತ್ತ ಮಗ್ಗಿ ಹೇಳಿದರೆ ಇತ್ತ ಕೇಳುತ್ತಿತ್ತು, ಇತ್ತ ನಾನು ಬೈದರೆ ಅತ್ತಲಿನ ಮಕ್ಕಳು ಸುಮ್ಮನಾಗುತ್ತಿದ್ದವು.

ತೆಳ್ಳಗಿನ ಆಳು. ಬಿಳಿ ಪೈಜಾಮ, ಬಿಳಿ ಜುಬ್ಬಾ, ಕರಿ ಟೊಪ್ಪಿಗೆ. ಕೈಗಡಿಯಾರವನ್ನು ಮಣಿಕಟ್ಟಿನ ಒಳಬದಿಗೆ ಕಟ್ಟುತ್ತಿದ್ದರು, ಗಳಿಗೆಗೊಮ್ಮೆ ಅಂಗೈ ತಿರುಗಿಸಿ ನೋಡುತ್ತಿದ್ದರು. ನಮಾಜಿಗೂ ಅದೇ ಗಡಿಯಾರ, ಅನ್ನಕ್ಕೆ ಎಸರಿಡುವುದಕ್ಕೂ ಅದೇ. ಮದುವೆಯಾದ ಎರಡನೇ ವರ್ಷಕ್ಕೆ ಹೆಂಡತಿ ತೀರಿಕೊಂಡಿದ್ದಳಂತೆ. ಮತ್ತೆ ಮದುವೆಯಾಗಲಿಲ್ಲ. ಹುಣಸೆಮರದ ಹತ್ತಿರ ಒಂದು ಕೋಣೆ ಬಾಡಿಗೆ ಹಿಡಿದು ತಾವೇ ರೊಟ್ಟಿ ಬಡಿದುಕೊಂಡು ಇದ್ದರು. ಆ ಕೋಣೆಗೆ ಯಾರೂ ಹೋಗುತ್ತಿರಲಿಲ್ಲ, ಅವರು ಯಾರ ಮನೆಗೂ ಬರುತ್ತಿರಲಿಲ್ಲ.

ನನಗಂತೂ ಮೊದಲ ವರ್ಷ ಅವರನ್ನು ಕಂಡರೆ ಆಗುತ್ತಿರಲಿಲ್ಲ. ಎಂಥ ಸೊಕ್ಕು ಈ ಮನುಷ್ಯನಿಗೆ ಎಂದುಕೊಂಡಿದ್ದೆ. ಹಿಂದಿನಿಂದ ಕರೆದರೆ ತಿರುಗಿ ನೋಡುತ್ತಿರಲಿಲ್ಲ. ಒಂದು ದಿನ ಬೆಟಗೇರಿಯಿಂದ ಖಬರು ಬಂತು, ನನ್ನ ಅವ್ವನಿಗೆ ಬಹಳ ಆರಾಮಿಲ್ಲ ಎಂದು. ನಾನು ಕಣ್ಣೀರು ಒರೆಸಿಕೊಳ್ಳುತ್ತ, ಬಾಯಿಗೆ ಸೆರಗು ಹಿಡಿದು ಅವರ ಮುಂದೆ ನಿಂತು, "ನಮ್ಮ ವರ್ಗಾನೂ ಎರಡ ದಿನ ನೋಡ್ಕೋರಿ ಸರ, ಅವ್ವಗ ಭಾಳ ಆರಾಮ ಇಲ್ಲಂತ" ಎಂದೆ. ಅವರು ನಗುನಗುತ್ತ, "ಭಾಳ ಛಲೋ ಆತು ಬಿಡ್ರಿ" ಎಂದುಬಿಟ್ಟರು. ಒಂದು ತಿಂಗಳು ಅವರ ಜೊತೆ ಮಾತು ಬಿಟ್ಟೆ. ನಾನು ಮಾತು ಬಿಟ್ಟದ್ದೂ ಅವರಿಗೆ ಗೊತ್ತಾಗಲಿಲ್ಲ.

ಇನ್ನು ರೇಡಿಯೋ ಸಂಗತಿ. ಸರಕಾರ ನಮ್ಮ ಶಾಲೆಗೊಂದು ರೇಡಿಯೋ ಕೊಟ್ಟಿತ್ತು. ವಾರಕ್ಕೆ ನಾಲ್ಕು ದಿನ ಮಧ್ಯಾಹ್ನ ಅದರಲ್ಲಿ ಮಕ್ಕಳಿಗೆ ಪಾಠ ಬರುತ್ತಿತ್ತು. ಅದನ್ನು ಹೆಡ್‌ಮಾಸ್ತರರು ಕಪಾಟಿನಲ್ಲಿಟ್ಟು ಕೀಲಿ ಹಾಕಿದ್ದರು. ಪ್ರಯೋಗದ ಪೆಟ್ಟಿಗೆ, ಭೂಗೋಲ, ದುರ್ಬೀನು, ಎಲ್ಲ ಅದೇ ಕಪಾಟಿನಲ್ಲಿ, ಬೆನ್ನ ಮೇಲೆ ಬಿಳಿ ಬಣ್ಣದ ನಂಬರು ಹೊತ್ತು ಕುಳಿತಿದ್ದವು. "ಬಳಸಿದ್ರ ಕೆಡತಾವು. ಸಾಹೇಬ್ರು ಬಂದ್ರ ಸಾಮಾನು ಅದಾವೇನು ಅಂತ ಕೇಳ್ತಾರ. ಪಾಠ ಹೇಳೀರೇನು ಅಂತ ಯಾರು ಕೇಳ್ತಾರ?" ಎಂಬುದು ಅವರ ವಾದ. ಸುತ್ತಲ ಹತ್ತು ಹಳ್ಳಿಯ ಶಾಲೆಗಳಲ್ಲೂ ಇದೇ ವಾದ ನಡೆದಿತ್ತು.

ಇವರು ಮಾತ್ರ ಪಾಠದ ಹೊತ್ತಿಗೆ ಹೋಗಿ ಕಪಾಟಿನ ಮುಂದೆ ನಿಂತುಬಿಡುತ್ತಿದ್ದರು. ಕೇಳುವುದಿಲ್ಲ, ಜಗಳವಿಲ್ಲ, ಸುಮ್ಮನೆ ನಿಲ್ಲುವುದು. ಹೆಡ್‌ಮಾಸ್ತರರು ಬೈದರೂ ನಿಲ್ಲುವುದು. ಕಡೆಗೆ ಅವರೇ ಬೇಸತ್ತು ಕೀಲಿಕೈ ಎಸೆದರು. ಅಂದಿನಿಂದ ರೇಡಿಯೋ ಹೊರಬಂತು. ಅದರ ಸೆಲ್ಲು ಇಳಿದರೆ ಹೊಸದು ಬರಲು ಆರು ತಿಂಗಳು. ಅದಕ್ಕೇ ಇವರು ಸೆಲ್ಲುಗಳನ್ನು ಶಾಲೆಯ ಕಟ್ಟೆಯ ಮೇಲೆ ಹಪ್ಪಳದಂತೆ ಬಿಸಿಲಿಗೆ ಹಾಕುತ್ತಿದ್ದರು. ಬಿಸಿಲು ಕುಡಿದರೆ ಸೆಲ್ಲಿಗೆ ಜೀವ ಬರುತ್ತದೆ ಎಂದು ನಾವೆಲ್ಲ ನಂಬಿದ್ದ ಕಾಲ ಅದು. ಬರುತ್ತಲೂ ಇತ್ತು, ಒಂದಿಷ್ಟು ಹೊತ್ತು.

ನಾನೊಮ್ಮೆ ಅವರೆದುರು ನಿಂತು ಚುಚ್ಚಿಯೇ ಕೇಳಿದ್ದೆ. "ರೇಡಿಯೋನ ಪಾಠ ಹೇಳೂದಾದ್ರ ನಾವ್ಯಾಕ ಬೇಕ್ರಿ ಸರ? ಮನಿಗೆ ಹೋಗಿ ಶಾವಿಗಿ ಹೊಸಿತೀವಿ."

ಅವತ್ತು ಉತ್ತರ ಬಂತು. "ರೇಡಿಯೋಕ್ಕ ಕಣ್ಣಿಲ್ಲರಿ ಅಕ್ಕೋರ. ಯಾರು ತೂಕಡಸಾಕ ಹತ್ಯಾರ, ಯಾರ ಹೊಟ್ಟಿ ಹಸದೈತಿ, ಯಾರಿಗೆ ತಿಳೀಲಿಲ್ಲ, ಅದಕ್ಕೇನು ಗೊತ್ತು? ನಾ ನೋಡ್ತೀನಿ. ಅದು ಮಾತಾಡ್ಲಿ."

ಅವರ ರೇಡಿಯೋ ಪಾಠ ನೋಡಲು ಕಿಟಕಿಗೆ ಬೇರೆ ತರಗತಿಯ ಮಕ್ಕಳು ಜೋತು ಬೀಳುತ್ತಿದ್ದವು. ಪಾಠಗಳ ಪುಸ್ತಿಕೆಯೊಂದು ಮೊದಲೇ ಟಪಾಲಿನಲ್ಲಿ ಬರುತ್ತಿತ್ತು. ಅದನ್ನು ಅವರು ಬಾಯಿಪಾಠ ಮಾಡಿಕೊಂಡು ಬರುತ್ತಿದ್ದರು. ಅತ್ತ ರೇಡಿಯೋ ಹೊಳೆಯ ಬಗ್ಗೆ ಹೇಳಿದರೆ ಇತ್ತ ಇವರ ಕೋಲು ನಕಾಶೆಯ ಮೇಲೆ ಹೊಳೆಯ ಗುಂಟ ಹರಿಯುತ್ತಿತ್ತು. ಅತ್ತ ಕಮ್ಮಾರ ಎಂದರೆ ಇತ್ತ ಇವರು ಸುತ್ತಿಗೆ ಎತ್ತುತ್ತಿದ್ದರು. ಮಕ್ಕಳು ನಕ್ಕರೆ ತಾವೂ ನಗುತ್ತಿದ್ದರು. ಐದನೆಯ ತರಗತಿಯಿಂದ ಏಳರವರೆಗೆ ಅದೇ ಮಕ್ಕಳ ಜೊತೆ ಮೇಲೇರುವುದು ಆ ಶಾಲೆಯ ರೂಢಿ. ನಾನು ಬಂದ ಮೂರನೆಯ ವರ್ಷ ಅವರ ಮಕ್ಕಳು ಆರನೆಯದರಲ್ಲಿದ್ದವು, ನಲವತ್ತು ಜನ.

ಒಂದು ಮಳೆಗಾಲದ ಮಧ್ಯಾಹ್ನ ಗೋಡೆಯ ಮೇಲಿನಿಂದ ಸಾರಂಗಿಯ ಧ್ವನಿ ಬರತೊಡಗಿತು. ಎಳೆದೆಳೆದು ಅಳುವ ರಾಗ. ಪಾಠದ ಹೊತ್ತಿನಲ್ಲಿ ಇದೇನು ಎಂದುಕೊಂಡೆ. ದಿಲ್ಲಿಯಲ್ಲಿ ಯಾರೋ ದೊಡ್ಡವರು ತೀರಿಕೊಂಡಿದ್ದರಂತೆ, ರೇಡಿಯೋದವರು ಎಲ್ಲ ಬಿಟ್ಟು ಶೋಕದ ವಾದ್ಯ ಹಾಕಿದ್ದರು. ನಮಗೆ ಸುದ್ದಿ ಮುಟ್ಟಿದ್ದು ಸಂಜೆಯ ಬಸ್ಸಿಗೆ. ಹತ್ತು ನಿಮಿಷವಾದರೂ ಸಾರಂಗಿ ನಿಲ್ಲಲಿಲ್ಲ. ರೇಡಿಯೋ ಯಾಕೆ ಬಂದ್ ಮಾಡಲೊಲ್ಲರು ಎಂದು ಎದ್ದು ಅತ್ತ ಹೋದೆ.

ಅವರು ಬೆನ್ನು ತಿರುಗಿಸಿ ನಕಾಶೆಯ ಮುಂದೆ ನಿಂತಿದ್ದರು. ಕೋಲು ಅರಬ್ಬೀ ಸಮುದ್ರದಿಂದ ಎದ್ದು ಘಟ್ಟದ ಕಡೆಗೆ ಹೊರಟಿತ್ತು. ಮಕ್ಕಳು ಕೋಲನ್ನೇ ನೋಡುತ್ತಿದ್ದವು. ನಾನು ಮೆಲ್ಲಗೆ ಹೋಗಿ ರೇಡಿಯೋದ ಕಿವಿ ತಿರುವಿ ಆರಿಸಿಬಿಟ್ಟೆ. ಅವರು ತಿರುಗಲಿಲ್ಲ. ಗಡಿಯಾರ ನೋಡಿಕೊಂಡು, ಕೋಲನ್ನು ಘಟ್ಟಕ್ಕೆ ಮುಟ್ಟಿಸಿ, "ಈಗ ಕೇಳ್ರಿ. ಮಳಿ ಬಂತು" ಎಂದರು. ಕಣ್ಣು ಮುಚ್ಚಿ, ತಲೆ ಒಂದಿಷ್ಟು ಓರೆ ಮಾಡಿ ನಿಂತರು. ಪುಸ್ತಿಕೆಯಲ್ಲಿ ಆ ಹೊತ್ತಿಗೆ ಮಳೆಯ ಸಪ್ಪಳ ಎಂದು ಬರೆದಿತ್ತು. ಕೋಣೆಯಲ್ಲಿ ಒಂದು ಸೊಳ್ಳೆಯ ಸಪ್ಪಳವೂ ಇರಲಿಲ್ಲ.

ಒಂದು ಮಗುವೂ ನಗಲಿಲ್ಲ. ನಲವತ್ತೂ ಮಕ್ಕಳು ಕತ್ತು ಓರೆ ಮಾಡಿ ಆ ಮಳೆಯನ್ನು ಕೇಳುತ್ತ ಕುಳಿತವು. ನಾನು ಬಾಯಿ ತೆರೆಯಬೇಕು ಎನ್ನುವಷ್ಟರಲ್ಲಿ ಮುಂದಿನ ಸಾಲಿನ ಹುಡುಗಿಯೊಬ್ಬಳು ತುಟಿಯ ಮೇಲೆ ಬೆರಳಿಟ್ಟು ನನ್ನನ್ನು ಸುಮ್ಮನಾಗಿಸಿದಳು. ಎಲಾ ಇವಳ! ಎರಡು ವರ್ಷದ ಹಿಂದೆ ನನ್ನ ತರಗತಿಯಲ್ಲಿ ಮಾತಿನ ಮಲ್ಲಿಯಾಗಿ ದಿನಾ ಬೈಸಿಕೊಂಡವಳು. ನಾನು ಸುಮ್ಮನೆ ಹೊರಗೆ ಬಂದೆ.

ಶಾಲೆ ಬಿಟ್ಟ ಮೇಲೆ ಪಾಟಿಯ ಮೇಲೆ ಬರೆದು ಅವರ ಮುಂದೆ ಹಿಡಿದೆ: ನಿಮಗೆ ಕೇಳಿಸುವುದಿಲ್ಲವೇ?

ಅವರು ಓದಿದರು. ತೋಳಿನಿಂದ ಪಾಟಿ ಒರೆಸಿದರು. "ಬಲಗಿವಿ ಹೋಗಿ ನಾಕ ವರ್ಷ ಆತ್ರಿ. ಎಡಗಿವಿನೂ ಹೋಗಿ ಮೂರ ವರ್ಷ ಆತು. ಗದಗಿನ ಡಾಕ್ಟರು ಯಂತ್ರ ಹಾಕಿದ್ರೂ ಉಪಯೋಗಿಲ್ಲ, ನರಾನ ಸತ್ತಾವು ಅಂದ್ರು. ಎದುರಿಗೆ ನಿಂತು ಹೇಳಿದ್ರ ತುಟಿ ನೋಡಿ ಒಂದಿಷ್ಟು ತಿಳೀತೈತಿ" ಎಂದರು. ನಾನು ಸೆರಗು ಬಾಯಿಗೆ ಹಿಡಿದು ಅವ್ವನ ಸುದ್ದಿ ಹೇಳಿದ್ದು ಆಗ ನೆನಪಾಗಿ ನಾಚಿಕೆಯಿಂದ ಸಾಯುವಂತಾಯಿತು.

"ರೇಡಿಯೋ ಹಚ್ಚಿದ್ರ ಹುಡುಗ್ರು ಕುಂತಲ್ಲಿಂದ ಏನೂ ಕೇಳಂಗಿಲ್ಲ, ನಾ ಉತ್ತರ ಹೇಳಬೇಕಾಗಿಲ್ಲ. ಅದ್ರ ಆಸರಕ್ಕ ನಿಂತೀನಿ. ಲೆಕ್ಕಾ ಮಾತ್ರ ಒಬ್ಬೊಬ್ಬರ ಪಾಟಿ ಮುಂದ ಕುಂತು ಹೇಳಿಕೊಡ್ತೀನ್ರಿ, ಅದ್ರಾಗ ಮೋಸ ಇಲ್ಲ. ರಿಟೈರ್ ಆಗಾಕ ಇನ್ನ ಎರಡ ವರ್ಷ ಐತಿ. ಯಾರ ಮುಂದೂ ಹೇಳಬ್ಯಾಡ್ರಿ ಅಕ್ಕೋರ. ಆ ಕ್ವಾಣಿಯೊಳಗ ಗ್ವಾಡಿ ನೋಡಕೊಂತ ಕುಂತರ ನನಗ ಹುಚ್ಚ ಹಿಡೀತೈತಿ. ಇಲ್ಲಿ ಇವರ ಮಾರಿ ನೋಡಕೊಂತರ ಇರ್ತೀನಿ."

ನಾನು ಹೇಳುವುದಿಲ್ಲ ಎಂದು ತಲೆಯಾಡಿಸಿದೆ. ಆದರೂ ಮನಸ್ಸು ಕೇಳಲಿಲ್ಲ. ಮಕ್ಕಳ ಗತಿಯೇನು ಎಂದು ಒಂದು ದಿನ ಕದ್ದು ಅವರ ತರಗತಿಗೆ ಲೆಕ್ಕ ಹಾಕಿ ನೋಡಿದೆ, ಭೂಗೋಲ ಕೇಳಿದೆ. ನನ್ನ ಕೈಯಲ್ಲಿ ಕಲಿತಾಗ ತಡವರಿಸುತ್ತಿದ್ದವು ಈಗ ಪಟಪಟ ಹೇಳಿದವು. ಆಮೇಲೆ ನಾನೂ ಗುಟ್ಟಿನ ಪಾಲುದಾರಳಾದೆ.

ದೀಪಾವಳಿ ಮುಗಿದ ಮೇಲೆ ಸಾಹೇಬರು ಶಾಲೆ ತಪಾಸಣೆಗೆ ಬಂದರು. ಕಪಾಟಿನಲ್ಲಿ ರೇಡಿಯೋ ಇಲ್ಲದ್ದು ಕಂಡು ಹುಬ್ಬುಗಂಟಿಕ್ಕಿದವರು, ಆರನೆಯ ತರಗತಿಯ ಬಾಗಿಲಲ್ಲಿ ಇಪ್ಪತ್ತು ನಿಮಿಷ ನಿಂತುಬಿಟ್ಟರು. "ಎಲ್ಲಾ ಕಡೆ ರೇಡಿಯೋ ಧೂಳು ತಿನ್ನಾಕ ಹತ್ಯಾವು. ಪಾಠ ಅಂದ್ರ ಇದು!" ಎಂದು ಬೆನ್ನು ತಟ್ಟಿದರು. ಗದಗಿನಲ್ಲಿ ಸುತ್ತಲಿನ ತಾಲೂಕುಗಳ ಶಿಕ್ಷಕರ ಮುಂದೆ ಇವರಿಂದ ಒಂದು ಮಾದರಿ ಪಾಠ ಮಾಡಿಸುತ್ತೇನೆ, ಅದೂ ಹೊಸದಾಗಿ ಬಂದ ಟೇಪ್ ರೆಕಾರ್ಡರಿನ ಮೇಲೆ ಎಂದರು. ಹೆಡ್‌ಮಾಸ್ತರರ ಎದೆ ಎರಡು ಗೇಣು ಉಬ್ಬಿತು. ಸಾಹೇಬರ ಮೀಸೆ ದಪ್ಪ, ತುಟಿ ಕಾಣುತ್ತಿರಲಿಲ್ಲ. ಇವರು ಕೈಮುಗಿದು, "ಆತ್ರಿ ಸಾಹೇಬ್ರ" ಎಂದರು.

ಯಾವುದಕ್ಕೆ ಆತ್ರಿ ಎಂದಿದ್ದೀರಿ ಎಂಬುದನ್ನು ಸಂಜೆ ನಾನು ಪಾಟಿಯ ಮೇಲೆ ಬರೆದು ತೋರಿಸಬೇಕಾಯಿತು. ಓದಿ ಅವರು ಪಾಟಿ ಕೆಳಗಿಟ್ಟರು.

"ಖರೆ ಹೇಳಿಬಿಡೋಣೇನ್ರಿ?" ಎಂದು ತುಟಿ ಅಗಲಿಸಿ ಕೇಳಿದೆ.

"ಹೇಳಿದ್ರ ಅವತ್ತ ನನ್ನ ವರ್ಗದಿಂದ ಹೊರಗ ಹಾಕ್ತಾರ್ರಿ. ಅದೊಂದ ಬ್ಯಾಡ."

ಟೇಪ್ ರೆಕಾರ್ಡರು ಹೊಸ ಸೆಲ್ಲಿನ ಸಮೇತ ಹದಿನೈದು ದಿನ ಮೊದಲೇ ಬಂತು. ಜೊತೆಗೆ ಒಂದೇ ಕ್ಯಾಸೆಟ್ಟು, ಹಕ್ಕಿಗಳ ಪಾಠ. ಅದಕ್ಕೆ ಪುಸ್ತಿಕೆ ಇರಲಿಲ್ಲ. ನಾನು ದಿನಾ ಶಾಲೆ ಬಿಟ್ಟ ಮೇಲೆ ಅದನ್ನು ಹಚ್ಚಿ ಕೇಳಿ, ಒಂದೊಂದು ಮಾತನ್ನೂ ಕಾಗದದ ಮೇಲೆ ಇಳಿಸಿದೆ. ಯಾವ ಮಾತು ಎಷ್ಟನೇ ನಿಮಿಷಕ್ಕೆ, ಕಾಗೆ ಯಾವಾಗ ಕೂಗುತ್ತದೆ, ನವಿಲು ಯಾವಾಗ ಬರುತ್ತದೆ, ಎಲ್ಲ. ಅವರು ಗಡಿಯಾರ ನೋಡುತ್ತ ಅಭ್ಯಾಸ ಮಾಡಿದರು. ತಪ್ಪಿದಲ್ಲಿ ನಾನು ಮೇಜು ಗುದ್ದುತ್ತಿದ್ದೆ, ಅದು ಕೇಳಿಸದೆ ಅವರು ಮುಂದೆ ಹೋಗುತ್ತಿದ್ದರು, ಇಬ್ಬರೂ ನಗುತ್ತಿದ್ದೆವು. ಹತ್ತನೆಯ ದಿನ ಟೇಪು ಗುಬ್ಬಿ ಎನ್ನುವುದಕ್ಕೂ ಅವರ ಬೆರಳು ಕಾಳು ಹೆಕ್ಕುವುದಕ್ಕೂ ಕೂದಲೆಳೆಯ ವ್ಯತ್ಯಾಸ ಉಳಿಯಲಿಲ್ಲ.

"ಟೇಪಿನ್ಯಾಗ ಕೋಗಿಲಿ ಛಲೋ ಕೂಗತೈತೇನ್ರಿ?" ಎಂದು ಅವರು ಒಮ್ಮೆ ಕೇಳಿದರು. ಕೋಗಿಲೆಯ ಕೂಗನ್ನು ಪಾಟಿಯ ಮೇಲೆ ಹೇಗೆ ಬರೆಯುವುದು? ಖರೆ ಕೋಗಿಲೆಯ ಹಾಗೆಯೇ ಇದೆ ಎಂದು ಬರೆದೆ. ಅವರು ಅದನ್ನು ಎರಡೆರಡು ಸಲ ಓದಿದರು. ನನಗೆ ಅಳು ಬಂದು, ಬಾವಿಯ ನೆಪ ಮಾಡಿ ಹೊರಗೆ ಹೋದೆ.

ಹದಿನೈದು ದಿನ ತಿರುಗಿಸಿ ತಿರುಗಿಸಿ ಸೆಲ್ಲು ಇಳಿಯದೆ ಇರುತ್ತವೆಯೇ? ಅವರಿಗೆ ಅದು ತಿಳಿಯುವ ದಾರಿಯಿರಲಿಲ್ಲ, ನನಗೆ ತಿಳಿಯಬೇಕಿತ್ತು. ಹಿಂದಿನ ದಿನ ಧ್ವನಿ ಒಂದಿಷ್ಟು ಭಾರವೆನಿಸಿದಾಗ ನಾನು ಮಾಡಿದ್ದೇನು? ಸೆಲ್ಲುಗಳನ್ನು ಬಿಚ್ಚಿ, ಬೆಳಿಗ್ಗೆ ಬಸ್ಸು ಬರುವ ತನಕ ಮಾಳಿಗೆಯ ಮೇಲೆ ಬಿಸಿಲಿಗೆ ಹಾಕಿದೆ. ತಿರುಗಿ ಕೂಡಿಸಿ ಹಚ್ಚಿ ನೋಡಿದೆ, ಧ್ವನಿ ಗಣಗಣ ಎಂದಿತು. ಸಾಕಾತು ಬಿಡು ಎಂದುಕೊಂಡೆ. ಗದಗಿನ ಬಜಾರದಲ್ಲಿ ಹೊಸ ಸೆಲ್ಲು ಹೆಜ್ಜೆಗೊಂದು ಅಂಗಡಿಯಲ್ಲಿ ಸಿಗುತ್ತಿದ್ದವು. ನನಗೆ ಹೊಳೆಯಲೇ ಇಲ್ಲ.

ಒಂದು ದೊಡ್ಡ ಹಾಲಿನಲ್ಲಿ ಇನ್ನೂರು ಜನ ಶಿಕ್ಷಕರು. ಮುಂದೆ ಜಮಖಾನೆಯ ಮೇಲೆ ಗದಗಿನ ಶಾಲೆಯೊಂದರಿಂದ ಕರೆತಂದ ಮೂವತ್ತು ಮಕ್ಕಳು. ನಾನು ಮೂರನೆಯ ಸಾಲಿನಲ್ಲಿ ಕುಳಿತೆ. ಮೊದಲ ಐದು ನಿಮಿಷ ಎಂಥ ಚೆಂದ ನಡೆಯಿತು! ಪಕ್ಕದಲ್ಲಿದ್ದ ಮುಂಡರಗಿಯ ಮಾಸ್ತರರೊಬ್ಬರು, "ಭಾರಿ ಮನಷ್ಯಾ ಅದಾನ್ರಿ" ಎಂದರು. ಆಮೇಲೆ ಟೇಪಿನ ಧ್ವನಿ ದಪ್ಪಗಾಯಿತು. ಕೋಗಿಲೆ ಎಮ್ಮೆಯಂತೆ ಒರಲಿತು. ಅದು ಇನ್ನೂ ಒರಲುತ್ತಿರುವಾಗಲೇ ಇವರು ಗಡಿಯಾರ ನೋಡಿಕೊಂಡು ಗೂಬೆಯಾಗಿ ಕಣ್ಣು ಅಗಲಿಸಿದರು. ಟೇಪು ಗೂಬೆಗೆ ಬರುವಷ್ಟರಲ್ಲಿ ಇವರು ಗಿಳಿಯಾಗಿದ್ದರು.

ಮೊದಲು ಮಕ್ಕಳು ನಕ್ಕವು. ಆಮೇಲೆ ಹಾಲಿಗೆ ಹಾಲೇ ನಕ್ಕಿತು. ನಗುವ ಮುಖಗಳನ್ನು ಕಂಡು ಇವರೂ, ತಮ್ಮ ತರಗತಿಯಲ್ಲಿ ಮಾಡುವಂತೆ, ನಕ್ಕರು. ನಕ್ಕು ಇನ್ನಷ್ಟು ಹುರುಪಿನಿಂದ ರೆಕ್ಕೆ ಬಡಿದರು. ಸಾಹೇಬರು ಕೆಂಪಗಾಗಿ ಎದ್ದು ಹೋಗಿ ಟೇಪು ನಿಲ್ಲಿಸಿದರು. ಇವರಿಗೆ ಅದೂ ಗೊತ್ತಾಗಲಿಲ್ಲ. ಟೇಪು ಇಲ್ಲದೆಯೇ ನವಿಲು ಕುಣಿಯಿತು, ಕಾಗದದಲ್ಲಿ ನಾನು ಬರೆದುಕೊಟ್ಟ ಕೊನೆಯ ನಿಮಿಷದವರೆಗೆ ಕುಣಿಯಿತು. ಎದ್ದು ಹೋಗಿ ಅವರ ಕೈ ಹಿಡಿದು ನಿಲ್ಲಿಸುವುದು ನನ್ನಿಂದ ಆಗುತ್ತಿತ್ತು. ನಾಲ್ಕು ಹೆಜ್ಜೆ. ನನಗೂ ಗೊತ್ತಿತ್ತು ಎಂಬುದು ಜನಕ್ಕೆ ತಿಳಿದೀತೆಂದು ಹೆದರಿ ತಲೆ ತಗ್ಗಿಸಿ ಕುಳಿತೆ. ಹೇಡಿ ನಾನು.

ತಿರುಗಿ ಬರುವ ಬಸ್ಸಿನಲ್ಲಿ ಅವರು ಕಿಟಕಿಯ ಪಕ್ಕ ಕುಳಿತಿದ್ದರು. ಸೊರಟೂರ ದಾಟಿತು. ಆಮೇಲೆ, "ಸೆಲ್ಲು ಇಳದಿದ್ವು, ಹೌದಲ್ರಿ?" ಎಂದರು. ನಾನು ಹೌದೆಂದು ತಲೆಯಾಡಿಸಿದೆ. ಬಿಸಿಲಿಗೆ ಹಾಕಿದವಳು ನಾನೇ ಎಂದು ಹೇಳಲಿಲ್ಲ, ಎಂದೂ ಹೇಳಲಿಲ್ಲ.

"ನಮ್ಮ ಹುಡುಗ್ರು ಇದ್ದಿದ್ರ ನಗತಿದ್ದಿಲ್ಲ ನೋಡ್ರಿ" ಎಂದು ಹೇಳಿ ಹೊರಗೆ ನೋಡತೊಡಗಿದರು.

ವಾರದೊಳಗೆ ಹುಕುಂ ಬಂತು. ಪಾಠ ಹೇಳುವ ಕೆಲಸದಿಂದ ತೆಗೆದು ಶಿರಹಟ್ಟಿಯಲ್ಲಿ ಶಾಲಾ ಸಾಮಾನಿಡುವ ಕೋಣೆಗೆ ಹಾಕಿದ್ದರು. ಒಮ್ಮೆ ಹೋಗಿ ನೋಡಿದೆ. ಹಳ್ಳಿಗಳಿಗೆ ಹೋಗಬೇಕಾದ ರೇಡಿಯೋ ಪೆಟ್ಟಿಗೆಗಳು ಮಾಳಿಗೆಯವರೆಗೆ ಒಟ್ಟಿದ್ದವು. ನಡುವೆ ಒಂದು ಸ್ಟೂಲಿನ ಮೇಲೆ ಅವರು. ನನ್ನನ್ನು ನೋಡಿ ಎದ್ದು, ಬೇರೆ ಕುರ್ಚಿ ಇಲ್ಲದ್ದರಿಂದ ಸ್ಟೂಲನ್ನೇ ಒರೆಸಿ ನನಗೆ ಕೊಟ್ಟು ತಾವು ನಿಂತರು. "ಹುಡುಗ್ರು ಹೆಂಗದಾರ್ರಿ?" ಎಂದು ಕೇಳಿ, ನನ್ನ ತುಟಿಯನ್ನೇ ನೋಡಿದರು. ಆರಾಮ ಅದಾರ ಎಂದೆ. ಇನ್ನೇನಾದರೂ ಹೇಳುತ್ತೇನೇನೋ ಎಂದು ನೋಡುತ್ತಲೇ ಇದ್ದರು. ಬಸ್ಸಿನ ಹೊತ್ತಾಯಿತೆಂದು ನಾನು ಎದ್ದುಬಿಟ್ಟೆ. ಮತ್ತೆ ಹೋಗಲಿಲ್ಲ. ನಿವೃತ್ತಿಯಾಗಿ ಮುಂಡರಗಿಗೆ ಹೋದರೆಂದು ಕೇಳಿದೆ, ಅಲ್ಲಿಗೂ ಹೋಗಲಿಲ್ಲ. ಈಗ ಶಾಲೆಗಳಿಗೆ ಟಿ.ವಿ. ಬರುತ್ತಿವೆ. ಅದಕ್ಕೂ ಕಪಾಟು ಮಾಡಿಸುತ್ತಿದ್ದಾರೆ.

ಹೇಳಬೇಕಾದದ್ದು ಇನ್ನೊಂದಿದೆ. ಅವರು ಶಿರಹಟ್ಟಿಗೆ ಹೋದ ಮರುದಿನ ಆರನೆಯ ತರಗತಿಯನ್ನು ನನಗೆ ಕೊಟ್ಟರು. ಹಲಗೆಯ ಮೇಲೆ ಒಂದು ಲೆಕ್ಕ ಹಾಕಿ, ತಿಳಿಯದವರು ಕೇಳ್ರಿ ಎಂದೆ. ಹಿಂದಿನ ಸಾಲಿನಿಂದ ಒಬ್ಬಳು ಎದ್ದು, ಎಲ್ಲರನ್ನೂ ದಾಟಿಕೊಂಡು ಬಂದು, ನನ್ನೆದುರು ಒಂದು ಮಾರು ದೂರದಲ್ಲಿ ನಿಂತು, ಮುಖವೆತ್ತಿ, ತುಟಿ ಅಗಲಿಸಿ ಒಂದೊಂದೇ ಅಕ್ಷರ ಬಿಡಿಸಿ ಹೇಳಿದಳು: "ಅಕ್ಕೋರ, ಇದು ನನಗ ತಿಳೀಲಿಲ್ಲ." ಅಣಕಿಸುತ್ತಾಳೆಂದು ತಿಳಿದು ಗದರಿಸಿದೆ. ಆಮೇಲೆ ಇನ್ನೊಬ್ಬ ಬಂದ, ಹಾಗೆಯೇ. ಮತ್ತೊಬ್ಬಳು, ಹಾಗೆಯೇ. ಇಬ್ಬರು ಒಟ್ಟಿಗೆ ಮಾತಾಡುತ್ತಿರಲಿಲ್ಲ. ನಾನು ಹಲಗೆಗೆ ತಿರುಗಿ ಬರೆಯುವಾಗ ನಲವತ್ತು ಮಕ್ಕಳಲ್ಲಿ ಒಂದೂ ನನ್ನ ಬೆನ್ನಿಗೆ ಮಾತಾಡುತ್ತಿರಲಿಲ್ಲ, ನಾನು ತಿರುಗುವ ತನಕ ಕಾಯುತ್ತಿದ್ದವು. ಇದನ್ನು ಯಾರು ಕಲಿಸಿದರು ಎಂದು ಕೇಳಿದೆ. ಯಾರೂ ಕಲಿಸಿರಲಿಲ್ಲ.

"ನನಗ ಕೇಳಸ್ತೈತಿ. ಕುಂತಲ್ಲಿಂದನ ಹೇಳ್ರಿ" ಎಂದೆ. ಆ ರೂಢಿ ಬಿಡಿಸಲು ಹೋಳಿ ಹುಣ್ಣಿಮೆಯ ತನಕ ಹಿಡಿಯಿತು. ಬಿಟ್ಟ ಮೇಲೆ ಅವೂ ಎಲ್ಲ ಮಕ್ಕಳಂತೆ ಕುಳಿತಲ್ಲಿಂದಲೇ ಒಟ್ಟಿಗೆ ಕಿರುಚತೊಡಗಿದವು. ಈಗ ವರ್ಗ ದಾರಿಗೆ ಬಂತು ಎಂದು ಹೆಡ್‌ಮಾಸ್ತರರು ಹೊಗಳಿದರು, ನಾನೂ ಹಿಗ್ಗಿದೆ. ಅದಾದ ಮೇಲೆ ಇಷ್ಟು ವರ್ಷ ಪಾಠ ಹೇಳಿದ್ದೇನೆ. ಯಾವ ಮಗುವೂ ಅಷ್ಟು ಹತ್ತಿರ ಬಂದು, ನನ್ನ ಮುಖ ನೋಡುತ್ತ, ತನ್ನ ಮಾತು ನನಗೆ ಮುಟ್ಟಿತೋ ಇಲ್ಲವೋ ಎಂದು ಕಾಯಲಿಲ್ಲ.